ಟೀವಿಯ ಬೈಕಿಗೆ ಸ್ನಾನ ಮಾಡಿಸಿದ್ದು

ಬೈಕು ಹತ್ತಿ ಹಿಮಾಲಯಕ್ಕೆ ಹೋಗುವವರನ್ನು ಟೀವಿಯಲ್ಲಿ ನಾನೂ ನೋಡಿದ್ದೇನೆ. ಹೊಳೆಯಲ್ಲಿ ಬೀಳುತ್ತಾರೆ, ಏಳುತ್ತಾರೆ, ಕೊನೆಯ ದಿನ ಹಿಮದ ಮೇಲೆ ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಆ ಬೈಕುಗಳು ಎಲ್ಲಿ ಹೋಗುತ್ತವೆ ಎಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಯಕ್ಷಗಾನದ ಕಿರೀಟವಾದರೆ ಆಟ ಮುಗಿದ ಮೇಲೆ ಪೆಟ್ಟಿಗೆಗೆ ಹೋಗುತ್ತದೆ. ಬೈಕು ಹಿಡಿಸುವ ಪೆಟ್ಟಿಗೆ ಯಾರ ಹತ್ತಿರ ಇದೆ? ಅಂಥದ್ದೊಂದು ಬೈಕು ಅಘನಾಶಿನಿಯ ನಮ್ಮ ಅಂಗಳಕ್ಕೇ ಬಂತು. ಮೂರನೇ ಇಯತ್ತೆಗೆ ಶಾಲೆ ಬಿಟ್ಟು, ಹೊಳೆಗಿಳಿದು ಕೆಸರಿನಿಂದ ಬೆಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರಿದವಳು ನಾನು. ಆದರೂ ಇದನ್ನು ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ.

ತಂದವಳು ನನ್ನ ಮೊಮ್ಮಗಳು. ಕುಮಟೆಯ ಗ್ಯಾರೇಜೊಂದರಲ್ಲಿ ಬೈಕು ರಿಪೇರಿ ಅವಳ ಕೆಲಸ. ಟೀವಿಯವರು ಹಿಮಾಲಯದ ಆಟ ಮುಗಿಸಿ ಈ ದಾರಿಯಲ್ಲಿ ತಿರುಗಿ ಹೋಗುವಾಗ ಕೆಟ್ಟ ಬೈಕೊಂದನ್ನು ಅಲ್ಲಿ ಇಳಿಸಿ, ನಾಳೆ ಬರುತ್ತೇವೆ ಎಂದು ಹೋದವರು ಎರಡು ಮಳೆಗಾಲ ಕಳೆದರೂ ಬರಲಿಲ್ಲ. ಫೋನು ಮಾಡಿದರೆ, "ಆ ಶೋ ಮುಗಿದುಹೋಯಿತಲ್ಲ, ನೀವೇ ಇಟ್ಟುಕೊಳ್ಳಿ" ಎಂದು ಕಾಗದಪತ್ರ ಅಂಚೆಯಲ್ಲಿ ಕಳಿಸಿದರಂತೆ. ಗ್ಯಾರೇಜಿನ ಯಜಮಾನರು, ಜಾಗ ಖಾಲಿಯಾದರೆ ಸಾಕು ಎಂದು ಅದನ್ನು ಇವಳಿಗೆ ಕೊಟ್ಟರು. ಟೆಂಪೋದಲ್ಲಿ ಮನೆಗೆ ತಂದು, ಭಾನುವಾರ ಭಾನುವಾರ ಕೂತು ಇವಳು ಅದರ ಇಂಜಿನ್ನಿಗೆ ಜೀವ ಬರಿಸಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಅದನ್ನು ತಾನೇ ಓಡಿಸಬೇಕು.

ಅಷ್ಟರಲ್ಲಿ ನನ್ನ ಮಗ, ಅಂದರೆ ಅವಳ ಅಪ್ಪ, ಮುರ್ಡೇಶ್ವರದ ಹೋಟೆಲೊಂದರಲ್ಲಿ ಬಾಯಿ ಬಿಟ್ಟಿದ್ದ. ಅವನು ಆ ಹೋಟೆಲಿಗೆ ಮೀನು ಕೊಡುವವನು. ಅಲ್ಲಿಯ ಮ್ಯಾನೇಜರರು ಕಾರು ಮಾಡಿಕೊಂಡು ಬಂದರು. ಮೈತುಂಬ ಒಣ ಕೆಸರು ಮೆತ್ತಿಕೊಂಡಿದ್ದ ಬೈಕಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ಹೋಟೆಲಿನ ಬಾಗಿಲಲ್ಲಿ ಗಾಜಿನ ಮನೆ ಕಟ್ಟಿ ಇದನ್ನು ಇಡುತ್ತಾರಂತೆ. ಪಕ್ಕದಲ್ಲಿ ಮೊಮ್ಮಗಳು ನಿಂತು ಬಂದವರಿಗೆ ಇದರ ಕಥೆ ಹೇಳಬೇಕಂತೆ. ಖಾಯಂ ನೌಕರಿ.

"ಒಂದೇ ಮಾತು," ಎಂದರು ಅವರು. "ಈ ಕೆಸರು ಮುಟ್ಟಬೇಡಿ. ಹಿಮಾಲಯದ ಕೆಸರು. ಇದಿಲ್ಲದಿದ್ದರೆ ಬೈಕು ಬೇಡ. ವಿಜಯದಶಮಿಗೆ ಬಂದು ಒಯ್ಯುತ್ತೇನೆ."

ಮಗ ಒಪ್ಪಿಬಿಟ್ಟ.

"ಕೈಗೆ ಗ್ರೀಸ್ ಹತ್ತೂದು ತಪ್ತು ಮಗಾ. ಎ.ಸಿ.ಲಿ ನಿಂತ್ಕಂಡು ಮಾತಾಡೂದು, ಅಷ್ಟೇ," ಎಂದ ಮಗಳಿಗೆ.

"ಓಡೂ ಬೈಕು ಅಪ್ಪಾ ಅದು. ಗಾಜಿನೊಳಗೆ ಇಡೂಕೆ ಎಂತ, ಉಪ್ಪಿನಕಾಯಿಯಾ?"

ಆಮೇಲೆ ಅವಳು ಊಟಕ್ಕೆ ಬೈಕಿನ ಕಡೆ ಬೆನ್ನು ಹಾಕಿ ಕೂರುತ್ತಿದ್ದಳು. ಮಗ ಮಾತ್ರ ಕೆಸರು ಕಾಯುವುದರಲ್ಲಿ ಮುಳುಗಿದ. ಮಳೆಗೆ ತಾಡಪತ್ರಿ ಹೊದಿಸಿದ. ಸೀಟಿನ ಮೇಲೆ ಕೂರುತ್ತಿದ್ದ ಕೋಳಿಯನ್ನು ಬೇರೆ ಕಡೆ ಕಟ್ಟಿದ. ಹಿಂದಿನ ಗಾಲಿಯಿಂದ ಅಂಗೈಯಗಲದ ಹೆಂಟೆಯೊಂದು ಬಿದ್ದಾಗ ಚಪ್ಪಲಿ ಅಂಟಿಸುವ ಗೋಂದು ತಂದು ಕೂಡಿಸಿದ. ಅವನ ಅಪ್ಪನ ಔಷಧಿಯನ್ನೂ ಅವನು ಅಷ್ಟು ಜೋಪಾನವಾಗಿ ಇಟ್ಟವನಲ್ಲ.

ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಮನೆಯ ಕಬ್ಬಿಣಕ್ಕೆಲ್ಲ ಸ್ನಾನ. ಮಗ ಹೂವು ತರಲು ಪೇಟೆಗೆ ಹೋಗಿದ್ದ, ಮೊಮ್ಮಗಳು ಗ್ಯಾರೇಜಿನ ಪೂಜೆಗೆ. ನಾನು ಹಾರೆ ತೊಳೆದೆ, ಕತ್ತಿ ತೊಳೆದೆ, ಅಡಿಗೆಮನೆಯ ಮೆಟ್ಟುಗತ್ತಿ ತೊಳೆದೆ. ಕೈ ತನ್ನಷ್ಟಕ್ಕೆ ಬೈಕಿಗೆ ಹೋಯಿತು. ಕೊಳಕು ಗಾಡಿಗೆ ಕುಂಕುಮ ಹಚ್ಚಿದವರು ನಮ್ಮ ವಂಶದಲ್ಲಿಲ್ಲ. ಮ್ಯಾನೇಜರರ ಮಾತು ನೆನಪಾಗಲೇ ಇಲ್ಲ, ದೇವರಾಣೆ.

ಆದರೆ ಆ ಕೆಸರು ನೀರಿಗೆ ಕರಗಲಿಲ್ಲ. ನಾಲ್ಕು ಕೊಡ ಹೊಯ್ದೆ, ಜಪ್ಪಯ್ಯ ಎನ್ನಲಿಲ್ಲ. ತೆಂಗಿನ ನಾರಿಗೆ ಬೂದಿ ಹಚ್ಚಿ ತಿಕ್ಕಿದಾಗ ಹಲಸಿನ ಹಪ್ಪಳದಂತೆ ಎದ್ದು ಬಂತು. ಮೂಗಿಗೆ ಹಿಡಿದರೆ ಪೇಂಟಿನ ವಾಸನೆ. ಬಣ್ಣಕ್ಕೆ ಮರದ ಪುಡಿ ಕಲಸಿ ಮೆತ್ತಿದ್ದರು ಟೀವಿಯ ಪುಣ್ಯಾತ್ಮರು. ಜೀವಮಾನವೆಲ್ಲ ಮೊಣಕಾಲುದ್ದ ಕೆಸರಲ್ಲಿ ನಿಂತವಳು ನಾನು, ನನಗೆ ಕೆಸರು ಗೊತ್ತಿಲ್ಲವೇ? ಬೈಕಿನ ಮುಂದೆ ಅಂಟಿಸಿದ್ದ, ಏಳು ಎಂದು ಬರೆದ ನಂಬರಿನ ಚೀಟಿಯೂ ಕಿತ್ತು ಬಂತು, ಅಡಿಯಲ್ಲಿ ಇನ್ನೊಂದು ಚೀಟಿ, ಅದರಲ್ಲಿ ಮೂರು ಎಂದಿತ್ತು.

ಮಗ ಬಂದು ನೋಡಿದ. ಹೂವಿನ ಪೊಟ್ಟಣ ಕೈಯಿಂದ ಜಾರಿತು.

"ಅಬ್ಬೇ, ಹಿಮಾಲಯ ಎಲ್ಲಿ?"

"ಬಾಳೆಬುಡಕ್ಕೆ ಹೋಯ್ತು," ಎಂದೆ.

ಪೇಂಟಿನ ಸಂಗತಿ ಹೇಳಿದರೂ ನಂಬಲಿಲ್ಲ. ಟೀವಿಯವರು ಸುಳ್ಳು ಮಾಡುತ್ತಾರೆಯೇ ಎಂದು ನನ್ನನ್ನೇ ಗದರಿಸಿದ. ಬುಟ್ಟಿ ಹಿಡಿದು ಹೊಳೆಗೆ ಓಡಿದ. ಇಳಿತದ ಹೊತ್ತು, ಒಳ್ಳೆಯ ಕೆಸರು ಸಿಕ್ಕಿತು. ಸಂಜೆಯವರೆಗೆ ಮೆತ್ತಿದ. ಆಗ ಬಂದ ಮೊಮ್ಮಗಳು ನಗಲೂ ಇಲ್ಲ, ಅಳಲೂ ಇಲ್ಲ. ಮೆಟ್ಟಿಲ ಮೇಲೆ ಕೂತು, "ಅಪ್ಪಾ, ಕನ್ನಡಿಗೆ ಕಮ್ಮಿ ಆತು," ಎಂದಳು.

ಮರುದಿನ ಬೆಳಿಗ್ಗೆ ಮ್ಯಾನೇಜರರು ಬಂದರು. ಬಗ್ಗಿ ನೋಡಿದರು, ಮೂಸಿದರು, ಜೇಬಿನ ಪೆನ್ನು ತೆಗೆದು ಕೆಸರಿಗೆ ಚುಚ್ಚಿದರು. ಒಳಗಿದ್ದ ಬೆಳಚೊಂದು ಬಾಯಿ ತೆರೆದು ಅವರ ಅಂಗಿಗೆ ಚಿರ್ರನೆ ನೀರು ಹಾರಿಸಿತು.

"ಹಿಮಾಲಯದಲ್ಲಿ ಬೆಳಚು ಇರ್ತದಾ?" ಎಂದು ಕೇಳಿದರು.

ಮಗ ನನ್ನ ಮುಖ ನೋಡಿದ. "ಚಳಿಗೆ ಇಲ್ಲಿವರೆಗೆ ಬಂದಿರ್ಬೇಕು," ಎಂದೆ ನಾನು.

"ಅಸಲಿ ಕೆಸರು ತೊಳೆದು ನಕಲಿ ಹಚ್ಚಿದ್ದೀರಿ. ಇದು ನಮಗೆ ಬೇಡ," ಎಂದು ಮ್ಯಾನೇಜರರು ಕಾರು ಹತ್ತಿದರು. ನೌಕರಿಯೂ ಅದೇ ಕಾರಿನಲ್ಲಿ ಹೋಯಿತು.

ಮಗ ತಲೆಗೆ ಕೈ ಕೊಟ್ಟು ಕೂತ. ಸುಮಾರು ಹೊತ್ತಾದ ಮೇಲೆ ಮೊಮ್ಮಗಳು ಅವನ ಪಕ್ಕ ಹೋಗಿ ಕೂತಳು.

"ಅಪ್ಪಾ, ಈಗ ಓಡಿಸ್ಲಾ?"

ಅವನು ಬೈಕನ್ನು ನೋಡಿದ. ಬೆಳಚು ಇನ್ನೂ ಬಾಯಿ ತೆರೆದೇ ಇತ್ತು.

"ಮೊದ್ಲು ಆ ಕೆಸರು ತೊಳಿ," ಎಂದ. "ನಾತ ಹೊಡಿತದೆ."

"ಆತು," ಎಂದಳು. ಅವಳ ಮುಖ ನಾನು ಬರೆದು ತೋರಿಸಲಾರೆ.

ಮೊದಲ ಸವಾರಿ ನನ್ನದೇ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೇ ಬದಿಗೆ ಕಾಲು ಬಿಟ್ಟು ಕೂತೆ. ಕುಮಟೆ ದಾಟಿತು, ಹೊನ್ನಾವರ ಬಂತು, ಶರಾವತಿಯ ಸೇತುವೆ ಹತ್ತಿದೆವು. ಅತ್ತ ಕಾಸರಕೋಡಿನ ದೋಣಿಗಳು, ಇತ್ತ ನೀರೋ ನೀರು, ನಡುವೆ ನಾನು, ಬಾಯಿ ತುಂಬ ಗಾಳಿ. ನಗು ತಡೆಯಲಾಗದೆ ಅವಳ ಬೆನ್ನಿಗೆ ಗುದ್ದುತ್ತಿದ್ದೆ.

"ಹೆದ್ರಿಕೆಯಾ ಅಜ್ಜಿ? ನಿಧಾನ ಮಾಡ್ಲಾ?"

"ಎಂತಕ್ಕೆ?" ಎಂದೆ. "ಭಟ್ಕಳಕ್ಕೆ ಬಿಡು."