ಡೇರೆ, ಸೊಳ್ಳೆ ಮತ್ತು ಕಮಲಾಪುರದ ನಾಗಮ್ಮ

ದಸರಾ ರಜೆಯಲ್ಲಿ ಒಂದು ಶನಿವಾರ ಬೆಳಿಗ್ಗೆ ನಾನು ಮತ್ತು ನನ್ನ ತಂಗಿ ರೇಣುಕಾ ಬ್ರಹ್ಮಪುರದಿಂದ ಹೊರಟೆವು. ಹೋಗಬೇಕಾಗಿದ್ದದ್ದು ದೂರದ ಊರಿಗೇನಲ್ಲ, ನಲವತ್ತು ಕಿಲೋಮೀಟರಿನೊಳಗಿರುವ ಕಮಲಾಪುರಕ್ಕೆ. ಆದರೂ ಚೀಲ ಬೆನ್ನಿಗೇರಿಸಿದ ಮೇಲೆ ರೇಣುಕಾ ಹೊಸ್ತಿಲು ದಾಟಲು ಹತ್ತು ನಿಮಿಷ ತೆಗೆದುಕೊಂಡಳು. ಒಳಗೆ ಹೋಗಿ ಗ್ಯಾಸ್ ನೋಡಿ ಬಂದಳು, ಮತ್ತೆ ಹೋಗಿ ಕಿಟಕಿ ನೋಡಿ ಬಂದಳು. ಕೊನೆಗೆ ಅವ್ವನೇ ಅವಳ ಬೆನ್ನು ತಟ್ಟಿ, "ಹೋಗಿ ಬಾ ನನ್ನವ್ವ, ಒಂದ ದಿನದ ಮಾತು" ಎಂದು ಕಳಿಸಿದಳು.

ಹಿಂದಿನ ವರ್ಷದ ಮಳೆಗಾಲದಲ್ಲಿ ರೇಣುಕಾಳಿಗೂ ಅವಳ ಜೊತೆಗಿರುವ ಅವ್ವನಿಗೂ ಒಂದೇ ವಾರದಲ್ಲಿ ಡೆಂಗಿ ಬಂದಿತ್ತು. ರೇಣುಕಾ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್. ಊರವರ ಪ್ಲೇಟ್‌ಲೆಟ್ ಎಣಿಸುವವಳು ಆ ವಾರ ಹಾಸಿಗೆಯಲ್ಲಿ ಮಲಗಿ ತನ್ನ ಮತ್ತು ಅವ್ವನ ರಿಪೋರ್ಟುಗಳಿಗಾಗಿ ಕಾದಳು. ಅವ್ವನನ್ನು ಎಂಟು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಇಬ್ಬರೂ ಗುಣವಾದರು. ಆದರೆ ರೇಣುಕಾ ಮೊದಲಿನಂತೆ ಆಗಲಿಲ್ಲ. ವರ್ಷಕ್ಕೆರಡು ಸಲ ಗೆಳತಿಯರ ಜೊತೆ ಡೇರೆ ಹೊತ್ತು ಗುಡ್ಡ ಹತ್ತುತ್ತಿದ್ದವಳು ಸಂಜೆ ಐದಕ್ಕೆ ಕಿಟಕಿ ಮುಚ್ಚಿ, ಸೊಳ್ಳೆ ಬ್ಯಾಟ್ ಕೈಯಲ್ಲಿ ಹಿಡಿದು ಕೂರತೊಡಗಿದಳು. ಡೇರೆ ಅಟ್ಟ ಸೇರಿತು.

ನಾನು ಶಾಲಾ ಶಿಕ್ಷಕಿ. ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ಪೇಟೆಯಲ್ಲಿ ಕೆಂಪು ಬಾಳೆ ಮಾರಲು ಬರುವ ಕಮಲಾಪುರದ ನಾಗಮ್ಮ ನನಗೆ ನಾಲ್ಕು ವರ್ಷದಿಂದ ಗೊತ್ತು. "ಒಮ್ಮೆ ಹೊಲಕ್ಕ ಬರ್ರಿ ಟೀಚರ್" ಎಂದು ಪ್ರತಿಸಲ ಕರೆಯುತ್ತಿದ್ದರು. ಈ ಸಲ ನಾನು ಬರುತ್ತೇನೆಂದು ಹೇಳಿ, ಅಟ್ಟದಿಂದ ಡೇರೆ ಇಳಿಸಿ ರೇಣುಕಾಳ ಮುಂದಿಟ್ಟೆ. ಅವಳು ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಡೇರೆಯ ಜಿಪ್ಪಿಗೆ ಮೇಣ ಸವರುತ್ತಾ ಕೂತಿದ್ದಳು.

ದಾರಿಯಲ್ಲಿ ಸೂಪರ್ ಮಾರ್ಕೆಟ್ಟಿಗೆ ಹೋಗಿ ಸೊಳ್ಳೆ ಪರದೆ ಕೊಂಡೆವು. ಆಟೋಗಳ ಗದ್ದಲದ ನಡುವಿನ ಒಂದು ಸಣ್ಣ ಅಂಗಡಿಯ ಮುದುಕ ನಾವು ಬಯಲಲ್ಲಿ ಮಲಗುವವರೆಂದು ತಿಳಿದ ಕೂಡಲೇ ಕೈಲಿದ್ದ ಪರದೆಯನ್ನು ಪಕ್ಕಕ್ಕಿಟ್ಟ. "ಇದು ಬ್ಯಾಡ್ರಿ, ಇದರ ಕಣ್ಣು ದೊಡ್ಡವು. ಮಚ್ಛರ್ ನಿಂದರ್ತದ, ನುಸಿ ಒಳಗ ಬರ್ತದ. ಬಾರೀಕ್ ಕಣ್ಣಿಂದು ಒಯ್ಯಿರಿ." ರೇಣುಕಾ ಅದನ್ನು ಬೆಳಕಿಗೆ ಹಿಡಿದು, ಲ್ಯಾಬಿನಲ್ಲಿ ಗಾಜಿನ ಪಟ್ಟಿ ನೋಡುವಂತೆ ನೋಡಿ, ತಲೆಯಾಡಿಸಿದಳು. ಮೈಗೆ ಹಚ್ಚುವ ಮುಲಾಮಿನ ಮೂರು ಟ್ಯೂಬು ಅವಳ ಚೀಲದಲ್ಲಿ ಆಗಲೇ ಇದ್ದವು.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಹಣವಿಲ್ಲ. ಆಧಾರ್ ತೋರಿಸಿ ಕಿಟಕಿ ಪಕ್ಕ ಕೂತೆವು. ಊರು ದಾಟುತ್ತಲೇ ಎರಡೂ ಕಡೆ ತೊಗರಿ ಎದೆಮಟ್ಟ ಬೆಳೆದು ನಿಂತಿತ್ತು. ಕಪ್ಪು ನೆಲ ನಿಧಾನವಾಗಿ ಕೆಂಪಾಗುತ್ತಾ ಬಂತು. ಗಂಟೆಯೊಳಗೆ ಕಮಲಾಪುರ. ಸ್ಟ್ಯಾಂಡಿನಲ್ಲಿ ನಾಗಮ್ಮನ ಗಂಡ ಶರಣಪ್ಪ ಕಾಯುತ್ತಿದ್ದರು. ಅವರ ಹೊಲ ಬಂದ ದಾರಿಯಲ್ಲೇ ಎರಡು ಕಿಲೋಮೀಟರ್ ಹಿಂದೆ, ರಸ್ತೆಗೆ ಹತ್ತಿಕೊಂಡೇ ಇದೆ. ಅಲ್ಲಿ ಬಸ್ ನಿಲ್ಲಿಸುವುದಿಲ್ಲ. ಆಟೋದವನಿಗೆ ಅರವತ್ತು ರೂಪಾಯಿ ಕೊಟ್ಟು ಮೂವರೂ ಹೋದೆವು.

ಕೆಂಪು ಬಾಳೆಯ ತೋಟವನ್ನು ನಾನು ಮೊದಲ ಸಲ ನೋಡಿದ್ದು. ದಿಂಡೂ ಕೆಂಪು, ಎಲೆಯ ನಡುದಂಟೂ ಕೆಂಪು. ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತುಹೋಗುವಷ್ಟು ತಂಪು. ಇದೇ ಸರಿಯಾದ ಜಾಗವೆಂದು ನಾನು ಗಿಡಗಳ ನಡುವೆ ಡೇರೆಯ ಚೀಲ ಇಳಿಸಿದೆ. ನಾಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದವರು ಅದನ್ನು ಎತ್ತಿಕೊಂಡು ನಡೆದೇಬಿಟ್ಟರು.

"ಇಲ್ಲಿ ಬ್ಯಾಡ್ರಿ ಟೀಚರ್. ನಮಗ ತಂಪಂದ್ರ ಸೊಳ್ಳಿಗೂ ತಂಪು. ಹಗಲೆಲ್ಲ ಇಲ್ಲೇ ಅಡಗಿರ್ತಾವ."

"ಹಂಗಾರ ದನದ ಕೊಟ್ಟಿಗಿ ಕಡೆ ಹಾಕೂನೇನ್ರಿ?" ಎಂದೆ.

"ಅಲ್ಲಿ ಉಣ್ಣಿ ಅದಾವ. ಮ್ಯಾಲ ಬರ್ರಿ."

ಮೇಲೆ ಎಂದರೆ ತೋಟದಾಚೆ ಒಂದು ಬೋಳು ದಿಬ್ಬ. ಗಿಡವಿಲ್ಲ, ಹುಲ್ಲಿಲ್ಲ, ಕೆಂಪು ಕಲ್ಲುನೆಲ. ಅಲ್ಲಿ ನಿಂತರೆ ಸೀರೆಯ ಸೆರಗು ಒಂದೇ ಸಮನೆ ಹಾರುತ್ತಿತ್ತು. "ಹವಾ ಇದ್ದಲ್ಲಿ ಸೊಳ್ಳಿಗೆ ಹಾರಾಕ ಬರಂಗಿಲ್ಲ" ಎಂದ ನಾಗಮ್ಮ, ಕಾಲಿನಿಂದ ನೆಲ ತಡವಿ ಇರುವೆ ಗೂಡು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಡೇರೆಯ ಬಾಯಿ ಗಾಳಿ ಬರುವ ಕಡೆಗೆ ಇರುವಂತೆ ಇಡಿಸಿದರು. ಇದನ್ನೆಲ್ಲ ಅವರಿಗೆ ಯಾರೂ ಕಲಿಸಿದ್ದಲ್ಲ. ಹಂದಿಯ ಕಾಟಕ್ಕೆ ಬಾಳೆ ಕಾಯಲು ಗಂಡ ಹೆಂಡತಿ ವರ್ಷದ ಅರ್ಧದಷ್ಟು ರಾತ್ರಿ ಹೊಲದಲ್ಲೇ ಮಲಗುತ್ತಾರೆ. ಐದು ವರ್ಷದ ಹಿಂದೆ ನಾಗಮ್ಮನಿಗೆ ಚಿಕೂನ್‌ಗುನ್ಯಾ ಬಂದು ಬೆರಳ ಗಂಟುಗಳು ಹಿಡಿದುಕೊಂಡವು. ಒಂದು ವರ್ಷ ರೊಟ್ಟಿ ಬಡಿಯಲಾಗಲಿಲ್ಲ.

"ಆವಾಗ ಇವ್ರ ರೊಟ್ಟಿ ಬಡದ್ರು" ಎಂದು ಗಂಡನ ಕಡೆ ಕೈ ಮಾಡಿದರು. "ನಾ ಕುಂತಲ್ಲೇ ಕುಂತು ಸೊಳ್ಳಿ ಎಲ್ಲಿಂದ ಬರ್ತಾವ, ಎಲ್ಲಿ ಹೋಗ್ತಾವ ನೋಡೀನಿ. ಮಾಡಾಕ ಬ್ಯಾರೆ ಕೆಲಸರ ಏನಿತ್ತು?"

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ಉಂಡಾದ ಮೇಲೆ ನಾಗಮ್ಮ ಒಂದು ಕೋಲು ಹಿಡಿದು ಹೊಲದ ಸುತ್ತ ಹೊರಟರು. ಎರಡು ದಿನಕ್ಕೊಮ್ಮೆ ತಪ್ಪದ ಕೆಲಸವಂತೆ. ನಾವೂ ಹಿಂದೆ ಹೋದೆವು. ನೀರು ನಿಲ್ಲಬಹುದಾದ ಯಾವುದನ್ನೂ ಅವರು ಬಿಡಲಿಲ್ಲ. ತೆಂಗಿನ ಚಿಪ್ಪನ್ನು ಬೋರಲು ಹಾಕಿದರು, ಹಕ್ಕಿಗಳಿಗೆ ಇಟ್ಟ ಮಣ್ಣಿನ ಬಟ್ಟಲನ್ನು ತಿಕ್ಕಿ ಬೇರೆ ನೀರು ತುಂಬಿದರು, ಡ್ರಮ್ಮಿನ ಬಾಯಿಗೆ ಕಟ್ಟಿದ ಬಟ್ಟೆ ಹರಿದಿಲ್ಲವಷ್ಟೇ ಎಂದು ಬೆರಳಾಡಿಸಿ ನೋಡಿದರು. ಬಾವಿಯಲ್ಲಿ ಸೊಳ್ಳೆ ಮರಿ ತಿನ್ನುವ ಸಣ್ಣ ಮೀನು ಬಿಟ್ಟಿದ್ದರು. ಆರೋಗ್ಯ ಇಲಾಖೆಯವರನ್ನು ಮೂರು ಸಲ ಕೇಳಿ, ತಂಬಿಗೆಯಲ್ಲಿ ತಂದ ಮೀನು. ಓದಿದವರ ಮನೆಗಳಲ್ಲೂ ನಾನು ಇಷ್ಟು ಶ್ರದ್ಧೆ ಕಂಡಿಲ್ಲ.

ಮೇವಿನ ಬಣವೆಯ ಹತ್ತಿರ ರೇಣುಕಾ ನಿಂತುಬಿಟ್ಟಳು. ಬಣವೆಗೆ ಹೊದಿಸಿದ್ದ ನೀಲಿ ಪ್ಲಾಸ್ಟಿಕ್ ತಾಡಪತ್ರಿಯ ಮಡಿಕೆಯೊಂದು ಒಳಕ್ಕೆ ಕುಸಿದು ಅಲ್ಲಿ ಹಿಂದಿನ ವಾರದ ಮಳೆಯ ನೀರು ನಿಂತಿತ್ತು. ನಮ್ಮ ತಲೆಗಿಂತ ಎತ್ತರ. ಅವಳು ಕಲ್ಲಿನ ಮೇಲೆ ಹತ್ತಿ ಇಣುಕಿ, ಮೊಬೈಲಿನ ಬೆಳಕು ಹಿಡಿದಳು.

"ಲಾರ್ವಾ ಅದಾವಕ್ಕ" ಎಂದಳು. "ಡೆಂಗಿ ಸೊಳ್ಳಿ ಇಂಥಾ ಸ್ವಚ್ಛ ನೀರಿನಾಗೇ ತತ್ತಿ ಇಡ್ತದ."

ನಾಗಮ್ಮನೂ ಹತ್ತಿ ನೋಡಿದರು. ನೂರಾರು ಸಣ್ಣ ಹುಳಗಳು ನೀರಿನಲ್ಲಿ ಡೊಂಕಾಗುತ್ತಾ ನೆಟ್ಟಗಾಗುತ್ತಾ ಆಡುತ್ತಿದ್ದವು. ನನಗೆ ಇರಿಸುಮುರಿಸಾಯಿತು. ಇಷ್ಟೊತ್ತು ತಮ್ಮ ಹೊಲ ತೋರಿಸಿದವರಿಗೆ ಅವಮಾನವಾದೀತೆಂದು ಅಂಜಿದೆ. ನಾಗಮ್ಮ ಮಾತ್ರ ಕೋಲಿನಿಂದ ತಾಡಪತ್ರಿಯನ್ನು ಒಳಗಿನಿಂದ ಎತ್ತಿದರು. ನೀರು ಧೊಪ್ಪನೆ ಬಿಸಿ ನೆಲಕ್ಕೆ ಬಿದ್ದು ಇಂಗಿತು.

"ನನ್ನ ಕಣ್ಣು ಇಷ್ಟು ಮ್ಯಾಲ ಹೋಗೇ ಇಲ್ಲ ನೋಡು ತಂಗಿ. ಚಲೋ ಆತು ನೀ ಬಂದಿ" ಎಂದರು.

"ನಿಮಗ ಏನೂ ಅನಸಲಿಲ್ಲೇನ್ರಿ?" ರೇಣುಕಾ ಕೇಳಿದಳು. "ಇಷ್ಟು ದಿನ ನಮ್ಮ ಹೊಲದಾಗೇ ಇದ್ವು ಅಂತ?"

"ಅನಸಿದ್ರ ಏನ್ ಮಾಡೂದು? ಕಂಡ್ವು, ಚೆಲ್ಲಿದಿವಿ. ನಾಳಿಂದ ಇಲ್ಲೂ ನೋಡ್ತೀನಿ."

ರೇಣುಕಾ ಆ ಕಲ್ಲಿನ ಮೇಲೇ ಕೂತಳು. ನನ್ನ ಮುಖ ನೋಡದೆ ಹೇಳಿದಳು. "ಅವ್ವಗ ಡೆಂಗಿ ಬಂದದ್ದು ನಮ್ಮ ಕೂಲರ್‌ನಿಂದ ಅಕ್ಕ. ದವಾಖಾನಿಯಿಂದ ಬಂದ ದಿನ ಟ್ಯಾಂಕಿನ ಮುಚ್ಚಳ ತೆಗದ್ರ ಹಿಂಗೇ ತುಂಬಿದ್ವು. ಬ್ಯಾಸಗಿ ಮುಗದ ಮ್ಯಾಲ ನೀರು ತೆಗೀಬೇಕಿತ್ತು, ನಾ ತೆಗದಿರಲಿಲ್ಲ. ಲ್ಯಾಬಿಗೆ ಬಂದವರಿಗೆಲ್ಲ ನಿಮ್ಮ ಕೂಲರ್ ನೋಡಿಕೊಳ್ರಿ ಅಂತ ನಾನೇ ಹೇಳ್ತಿದ್ದೆ. ಯಾರಿಗೂ ಗೊತ್ತಾಗದಂಗ ಚೆಲ್ಲಿಬಿಟ್ಟೆ."

ವರ್ಷವಿಡೀ ಅವಳು ಅಂಜಿದ್ದು ಬರೀ ಸೊಳ್ಳೆಗಲ್ಲವೆಂದು ನನಗೆ ಆಗ ತಿಳಿಯಿತು. ನಾಗಮ್ಮ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಅವ್ವ ಆರಾಮ ಅದಾಳಿಲ್ಲ?" ಎಂದು ಕೇಳಿದರು. ರೇಣುಕಾ ಹೌದೆಂದಳು. "ಮತ್ತ ಹೋಗಿ ಅವ್ವಗೂ ಇದೇ ಮಾತು ಹೇಳು. ಒಬ್ಬಾಕಿನೇ ಹೊತ್ಕೊಂಡು ತಿರಗ್ಯಾಡಬ್ಯಾಡ" ಎಂದು, ಅವಳ ಕೈಹಿಡಿದು ಎಬ್ಬಿಸಿದರು.

ಹೊತ್ತು ಮುಳುಗುವ ಮೊದಲೇ ನಾವು ಉದ್ದ ತೋಳಿನ ಬಿಳಿ ಅಂಗಿ, ಕಾಲಿಗೆ ಸಾಕ್ಸು ಹಾಕಿ, ಕೈ, ಕುತ್ತಿಗೆ, ಪಾದದ ಗಂಟಿಗೆ ಮುಲಾಮು ಹಚ್ಚಿದೆವು. ಶರಣಪ್ಪ ದಿಬ್ಬದ ಮೇಲೆ ಗಾಳಿ ಬರುವ ಕಡೆಗೆ ಸಗಣಿಯ ಒಂದು ಕುಳ್ಳು ಹೊತ್ತಿಸಿ, ಉರಿ ಆರಿಸಿ, ಮೇಲೆ ಹಸಿ ಬೇವು ಮತ್ತು ಲಕ್ಕಿ ಸೊಪ್ಪು ಹಾಕಿದರು. ಹೊಗೆ ನೆಲಕ್ಕೆ ಹತ್ತಿಕೊಂಡು ನಮ್ಮನ್ನು ಬಳಸಿ ಹೋಯಿತು. ರೇಣುಕಾ ಬಾಯಿಬಿಟ್ಟು ಹೇಳಿದಳು: "ಹೊಗಿ ಎದಿಗೆ ಚಲೋ ಅಲ್ರಿ ಕಾಕಾ, ಜರಾ ದೂರ ಇರಲಿ." ಶರಣಪ್ಪ ಕುಳ್ಳನ್ನು ನಾಲ್ಕು ಮಾರು ಆಚೆ ಸರಿಸಿದರು. ಕಂದೀಲು ನಮ್ಮ ಹತ್ತಿರವಿರಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಗೂಟಕ್ಕೆ ನೇತುಹಾಕಿದ್ದರು. ಬೆಳಕಿಗೆ ಬರುವ ಹುಳಗಳೆಲ್ಲ ಅಲ್ಲೇ ಮುತ್ತಿದವು, ನಮ್ಮ ತಟ್ಟೆಗೆ ಒಂದೂ ಬೀಳಲಿಲ್ಲ. ಕೆಳಗೆ ತೋಟದಲ್ಲಿ ಸೊಳ್ಳೆಗಳು ಏಳುವ ಹೊತ್ತು ಅದು. ದಿಬ್ಬಕ್ಕೆ ಅವು ಏರಿ ಬರಲಿಲ್ಲ.

ಡೇರೆಯೊಳಗೆ ಪರದೆ ಕಟ್ಟಿ ಬೇಗ ಮಲಗಿದೆವು. ನಾನು ಸೊಳ್ಳೆ ಕಾಯಿಲ್ ಹಚ್ಚಲು ಹೋದಾಗ, ಮುಚ್ಚಿದ ಜಾಗದಲ್ಲಿ ಕೂಡದೆಂದು ರೇಣುಕಾ ಕಸಿದುಕೊಂಡಳು. ಅವಳಿಗೆ ಹಳೆಯ ಗತ್ತು ಮರಳುತ್ತಿರುವುದು ಕಂಡು ನನಗೆ ನಿದ್ದೆ ಚೆನ್ನಾಗಿ ಬಂತು.

ಬೆಳಿಗ್ಗೆ ಎದ್ದಾಗ ಅವಳು ಹೊರಗೆ ಕೂತು ತನ್ನ ಮುಂಗೈ ನೋಡುತ್ತಿದ್ದಳು. ಒಂದು ಕೆಂಪು ಗಂಧೆ. ಈಗ ಚೀಲ ಕಟ್ಟು ಎನ್ನುತ್ತಾಳೆಂದುಕೊಂಡೆ.

"ಒಂದು ಕಚ್ಚ್ಯದ" ಎಂದಳು ಮೆಲ್ಲಗೆ. "ಮುಖ ತೊಳ್ಯಾಕ ಹೋಗಿದ್ದೆ, ಮುಲಾಮು ಹಚ್ಚಿರಲಿಲ್ಲ. ಎರಡು ವಾರ ಜರ ಬರ್ತದೇನು ನೋಡೂನು. ಬಂದ್ರ ತಡಾ ಮಾಡಂಗಿಲ್ಲ, ಅದ ದಿನ ರಕ್ತ ತಪಾಸಣಿಗೆ ಕೊಡ್ತೀನಿ." ಅಷ್ಟು ಹೇಳಿ ಮುಲಾಮು ತೆಗೆದು ಹಚ್ಚತೊಡಗಿದಳು.

ಚಹಾ ಕುಡಿಯುವಾಗ ನಾಗಮ್ಮ ಪಕ್ಕದ ಹೊಲಗಳ ಮಾತು ತೆಗೆದರು. ಒಬ್ಬೊಬ್ಬರ ಹೊಲದಲ್ಲೂ ನಾಲ್ಕಾರು ಡ್ರಮ್ಮು, ಎಲ್ಲವೂ ಬಾಯಿ ತೆರೆದವು. ತಾವು ಹೇಳಿದರೆ ಅವರು ನಗುತ್ತಾರೆ. "ದವಾಖಾನಿಯವರು ಬಂದು ಹೇಳಿದ್ರ ಕೇಳ್ಯಾರು" ಎಂದರು. ರೇಣುಕಾ ಲೋಟ ಕೆಳಗಿಟ್ಟು ಫೋನ್ ತೆಗೆದಳು. ಲ್ಯಾಬಿಗೆ ಮಾತಾಡಿ ಸೋಮವಾರದ ಡ್ಯೂಟಿಗೆ ರಜೆ ಹೇಳಿದಳು. ಆಮೇಲೆ ಅವ್ವನಿಗೆ ಫೋನ್ ಮಾಡುತ್ತಾ ದಿಬ್ಬದ ಆ ತುದಿಗೆ ನಡೆದಳು. ಬಹಳ ಹೊತ್ತು ಮಾತಾಡಿದಳು. ತಿರುಗಿ ಬಂದಾಗ ಕಣ್ಣು ಒದ್ದೆಯಾಗಿದ್ದವು.

"ಅವ್ವ ಏನಂದಳು?" ಎಂದೆ.

"ಅಕಿಗೆ ಅವತ್ತೇ ಗೊತ್ತಾಗಿತ್ತಂತ. ಅಂಗಳದಾಗ ಕೂಲರ್ ಬಿಸಲಿಗೆ ಇಟ್ಟಿದ್ದೆನಲ್ಲ, ನೋಡ್ಯಾಳ. ನಾ ಹೇಳ್ಲಿ ಅಂತ ಸುಮ್ನಿದ್ದಳಂತ." ಮೂಗೊರೆಸಿಕೊಂಡಳು. "ನೀ ಹೋಗಕ್ಕ. ನಾ ನಾಳಿ ಸಂಜೀಗಿ ಬರ್ತೀನಿ."

ಶರಣಪ್ಪ ನನ್ನನ್ನು ಮೋಟಾರು ಸೈಕಲ್ಲಿನಲ್ಲಿ ಸ್ಟ್ಯಾಂಡಿಗೆ ಬಿಟ್ಟರು. ಕೈಚೀಲದಲ್ಲಿ ಎರಡು ಡಜನ್ ಕೆಂಪು ಬಾಳೆ, ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಹನ್ನೊಂದರ ಬಸ್ಸಿನಲ್ಲಿ ಎಡಗಡೆ ಕಿಟಕಿ ಸಿಕ್ಕಿತು. ಎರಡು ಕಿಲೋಮೀಟರ್ ಆಗುತ್ತಲೇ ತಲೆ ಹೊರಚಾಚಿ ಹುಡುಕಿದೆ. ದಿಬ್ಬದ ಮೇಲೆ ಡೇರೆ ಹಾಗೇ ನಿಂತಿತ್ತು. ಪಕ್ಕದ ಹೊಲದ ಬದುವಿನಲ್ಲಿ ನಾಲ್ಕಾರು ಜನ ಸೇರಿದ್ದರು. ಅವರ ನಡುವೆ ನಾಗಮ್ಮ ಮತ್ತು ಬಿಳಿ ಅಂಗಿಯ ನನ್ನ ತಂಗಿ ಒಂದು ದೊಡ್ಡ ಡ್ರಮ್ಮಿಗೆ ಇಬ್ಬರೂ ಭುಜಕೊಟ್ಟು ದೂಡುತ್ತಿದ್ದರು. ಬಸ್ ತಿರುವು ದಾಟುವ ಹೊತ್ತಿಗೆ ಅದು ಉರುಳಿತು, ನೀರು ಕೆಂಪು ನೆಲದ ಮೇಲೆ ಹರಡಿತು.