ಗಾಜಿಗೆ ಗಾಜು ಕೊಟ್ಟ ಮೂರ್ತಪ್ಪ

ಬೆಳಗಿನ ಆರು ಗಂಟೆ. ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಹಾಲಿನ ವ್ಯಾನು ಹೋದ ಮೇಲೆ ರಸ್ತೆ ಖಾಲಿ. ಸೈಕಲ್ಲನ್ನು ಬದಿಗೆ ನಿಲ್ಲಿಸಿ ನಡುರಸ್ತೆಯಲ್ಲಿ ನಿಂತಿರುವ ಮೂರ್ತಪ್ಪ, ಕೈಯಲ್ಲಿರುವ ಹಳೆಯ ಫೋಟೊವನ್ನು ಒಮ್ಮೆ, ಎದುರಿನ ಮೂರಂತಸ್ತಿನ ಕಾಂಪ್ಲೆಕ್ಸನ್ನು ಒಮ್ಮೆ ನೋಡುತ್ತಾರೆ. ಫೋಟೊದಲ್ಲಿರುವುದು ಮರದ ಕಂಬಗಳ ಉದ್ದನೆಯ ಜಗುಲಿಯಿದ್ದ ಒಂದು ಛತ್ರ. ಕೊಂಚ ಹಿಂದೆ ಸರಿಯುತ್ತಾರೆ, ಎಡಕ್ಕೆ ವಾಲುತ್ತಾರೆ. "ಹಾಂ, ಇಲ್ಲೇ ನಿಂತು ತೆಗ್ದಿರೋದು. ಆ ಸಂದಿ ನೋಡಿ, ಅದೊಂದು ಹಂಗೇ ಉಳ್ಕೊಂಡಿದೆ" ಎನ್ನುತ್ತ ಫೋಟೊದ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಜಾಗದ ಗುರುತು ಬರೆಯುತ್ತಾರೆ. ಹೊತ್ತೇರಿದರೆ ಇಲ್ಲಿ ನಿಲ್ಲಲು ಆಟೊದವರು ಬಿಡುವುದಿಲ್ಲ.

ಮೂರ್ತಪ್ಪನವರದು ಸವಳಂಗ ರಸ್ತೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕಿಕೊಡುವ ಸಣ್ಣ ಅಂಗಡಿ. ಹುಟ್ಟಿದ್ದು ಭದ್ರಾವತಿಯಲ್ಲಿ, ತಂದೆ ಕಾರ್ಖಾನೆಯ ಕುಲುಮೆಯ ಕೆಲಸಕ್ಕಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಗ ಬಡಗಿಯೊಬ್ಬರ ಬಳಿ ಚೌಕಟ್ಟು ಕೂಡಿಸುವುದನ್ನು ಕಲಿತ. ಅಂಗಡಿ ಇಟ್ಟ ಮೇಲೆ ಹಳೆಯ ಕಟ್ಟು ಬಿಚ್ಚಿಸಿ ಹೊಸ ದೇವರ ಪಟ ಹಾಕಿಸುವವರು ಬರತೊಡಗಿದರು. ಬಿಚ್ಚಿದ ಕಟ್ಟಿನೊಳಗಿಂದ ಒಮ್ಮೆ ಹಳೆಯ ಬಸ್ ಸ್ಟ್ಯಾಂಡು, ಒಮ್ಮೆ ಪ್ರವಾಹದ ದಿನದ ತುಂಗಾ ಸೇತುವೆ ಹೊರಬರುತ್ತಿತ್ತು. "ಅದು ಬೇಡ, ಎಸೀರಿ" ಎನ್ನುತ್ತಿದ್ದರು ಜನ. ಇವರಿಗೆ ಎಸೆಯಲು ಮನಸ್ಸಾಗಲಿಲ್ಲ.

ಹೀಗೆ ಉಳಿಸಿಕೊಂಡದ್ದು ಈಗ ವಿದ್ಯಾನಗರದ ಮನೆಯ ಮಂಚದಡಿ, ಅಟ್ಟ, ಬೀರು ಎಲ್ಲವನ್ನೂ ತುಂಬಿದೆ. "ಬೀರು ತಂದಿದ್ದು ಸೀರೆ ಇಡೋಕೆ. ಈಗ ಅದ್ರೊಳಗೆ ಊರೆಲ್ಲಾ ಇದೆ, ಸೀರೆ ಮಾತ್ರ ಇಲ್ಲ" ಎಂದು ಹೆಂಡತಿ ಲಿಂಗಮ್ಮ ನಗುತ್ತಾರೆ.

ಲಿಂಗಮ್ಮ ನಗದ ಕಾಲವೂ ಇತ್ತು. ೧೯೯೮ರ ಬೇಸಿಗೆ. ಭದ್ರಾವತಿಯ ಹಳೆಯ ಸ್ಟುಡಿಯೊ ಒಂದರ ಮಾಲೀಕರು ತೀರಿಕೊಂಡು, ಅಲ್ಲಿದ್ದ, ಫಿಲ್ಮಿಗೂ ಮುಂಚಿನ ಕಾಲದ ಗಾಜಿನ ನೆಗೆಟಿವ್‌ಗಳು ಗುಜರಿ ಸೇರಿದ್ದವು. ಸುದ್ದಿ ಕಿವಿಗೆ ಬಿದ್ದದ್ದೇ ಮೂರ್ತಪ್ಪ ಮೊದಲ ಬಸ್ಸು ಹಿಡಿದರು. ಗುಜರಿಯ ಕರಿಯಣ್ಣ ತೊಟ್ಟಿಯ ಬಿಸಿನೀರಿಗೆ ಸೋಡಾ ಹಾಕಿ, ಗಾಜು ನೆನೆಸಿ, ತೆಂಗಿನ ನಾರಿನಿಂದ ತಿಕ್ಕುತ್ತಿದ್ದ. ಚಿತ್ರಗಳು ಕರಗಿ ಕಪ್ಪು ನೀರಾಗಿ ಚರಂಡಿಗೆ ಹರಿಯುತ್ತಿದ್ದವು.

"ಅಣ್ಣಾ, ನಿಲ್ಸು! ಅದ್ರಲ್ಲಿ ಫೋಟೊ ಇದಾವೆ."

"ಇದ್ರೆ ನಾನೇನ್ ಮಾಡ್ಲಿ ಮಾರಾಯ? ಕಿಟಕಿಗೆ ಅಂತ ಕೇಳಿದಾರೆ. ನಂಗೆ ಬೇಕಿರೋದು ಗಾಜು."

"ಗಾಜು ನಾನು ಕೊಡ್ತೀನಿ. ಒಂದಕ್ಕೆ ಒಂದು, ಹೊಸಾದು. ಸಂಜೆ ತನಕ ಮುಟ್ಟಬೇಡ."

ಅಂದೇ ಮಧ್ಯಾಹ್ನ ಅಂಗಡಿಯಲ್ಲಿದ್ದ ಗಾಜನ್ನೆಲ್ಲ ಆ ಅಳತೆಗೆ ಕತ್ತರಿಸಿ, ಹುಲ್ಲು ಹಾಸಿದ ಲಗೇಜ್ ಆಟೊದಲ್ಲಿ ಸಾಗಿಸಿದರು. ತೊಟ್ಟಿಗೆ ಬೀಳದೆ ಉಳಿದಿದ್ದವೆಲ್ಲ ಕೈಸೇರಿದವು. ಆದರೆ ಅದು ಮದುವೆಯ ಸೀಸನ್ನು. ಗಾಜಿಲ್ಲದೆ ಒಪ್ಪಿಕೊಂಡ ಕೆಲಸ ನಿಂತಿತು. ಬೈದು ಹೋದ ಗಿರಾಕಿಗಳಲ್ಲಿ ಹಲವರು ಮರಳಲೇ ಇಲ್ಲ. ಲಿಂಗಮ್ಮ ಮಾತು ಬಿಟ್ಟರು. "ಅವಳದ್ದೇನೂ ತಪ್ಪಿಲ್ಲ. ಮನೆ ನಡೀಬೇಕಲ್ಲ" ಎನ್ನುತ್ತಾರೆ ಮೂರ್ತಪ್ಪ.

ಆ ಗಾಜುಗಳಲ್ಲೊಂದನ್ನು ಪ್ರಿಂಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದರು. ಭದ್ರಾವತಿಯಲ್ಲಿ ಈಗಿಲ್ಲದ ತಗಡಿನ ಟಾಕೀಸು, ಅದರ ಗೇಟಿನಲ್ಲಿ ನಿಂತ ಒಬ್ಬ ಆಳು. ಹೋದ ವರ್ಷ ಭದ್ರಾವತಿಯ ದುರ್ಗಮ್ಮ ಅಂಗಡಿಗೆ ಬಂದರು. ಕ್ಯಾಂಟೀನೊಂದರಲ್ಲಿ ಪಾತ್ರೆ ತೊಳೆಯುವವರು. ಮಗಳನ್ನು ಕೊಟ್ಟಿರುವುದು ಶಿವಮೊಗ್ಗಕ್ಕೆ. ಮಗಳ ಮದುವೆಯ ಫೋಟೊಗೆ ಕಟ್ಟು ಹಾಕಿಸಲು ಬಂದವರು ಆ ಚಿತ್ರದೆದುರು ನಿಂತುಬಿಟ್ಟರು.

"ಇದು ನಮ್ಮಪ್ಪ. ಟಾಕೀಸಲ್ಲಿ ಗೇಟ್ ಕಾಯ್ತಿದ್ರು. ಎಡಗೈಲಿ ಎರಡು ಬೆರಳಿರ್ಲಿಲ್ಲ, ನೋಡಿ ಅಣ್ಣಾ."

ಮೂರ್ತಪ್ಪ ಭೂತಗನ್ನಡಿ ಹಿಡಿದರು. ಗೇಟಿನ ಸರಳು ಹಿಡಿದ ಕೈಯಲ್ಲಿ ಮೂರೇ ಬೆರಳು. ಆದರೆ ಮುಖ ಕಲಸಿಹೋಗಿತ್ತು. ಫೋಟೊ ತೆಗೆಯುವ ಹೊತ್ತಿಗೆ ಆತ ತಲೆ ತಿರುಗಿಸಿದ್ದರು. ದುರ್ಗಮ್ಮನ ಮನೆಯಲ್ಲಿ ಅಪ್ಪನ ಫೋಟೊ ಬೇರೊಂದಿರಲಿಲ್ಲ. ಆತ ಸತ್ತಾಗ ಅವರಿನ್ನೂ ಚಿಕ್ಕವರು.

ಆ ಸ್ಟುಡಿಯೊದವರು ಎಷ್ಟೋ ಕಟ್ಟಡಗಳ ಫೋಟೊವನ್ನು ಎರಡೆರಡು ಸಲ ತೆಗೆದಿದ್ದರು. ಟಾಕೀಸಿನದೂ ಇನ್ನೊಂದಿರಬಹುದು, ಅದರಲ್ಲಿ ಮುಖ ಸಿಗಬಹುದು ಎಂದು ಮೂರ್ತಪ್ಪ ವಾರಗಟ್ಟಲೆ ಅಂಗಡಿಯ ಬಾಗಿಲ ಬೆಳಕಿಗೆ ಒಂದೊಂದೇ ಗಾಜು ಹಿಡಿದು ಹುಡುಕಿದರು. ಸಿಗಲಿಲ್ಲ. ಇದನ್ನು ಹೇಳುವಾಗ ಅವರ ದನಿ ಇಳಿಯುತ್ತದೆ. "ತೊಟ್ಟಿ ನೀರಲ್ಲಿ ಹೋಯ್ತೋ ಏನೋ. ಒಂದಿನ ಮುಂಚೆ ಗೊತ್ತಾಗಿದ್ರೆ..."

ಸಿಗಲಿಲ್ಲವೆಂದು ಹೇಳಲು ಭದ್ರಾವತಿಗೆ ಹೋದರೆ ಸಮಾಧಾನ ಹೇಳಿದ್ದು ದುರ್ಗಮ್ಮನೇ. "ಬಿಡಿ ಅಣ್ಣಾ. ನಮ್ಮಪ್ಪ ಒಂದು ಕಡೆ ನಿಲ್ಲೋ ಜೀವ ಆಗಿರ್ಲಿಲ್ಲ ಅಂತ ಅವ್ವ ಹೇಳೋಳು. ಹೆಂಗಿದ್ರೋ ಹಂಗೇ ಬಂದಿದಾರೆ. ಅದನ್ನೇ ಕಟ್ಟು ಹಾಕ್ಕೊಡಿ." ಮೂರ್ತಪ್ಪ ತೇಗದ ಚೌಕಟ್ಟು ಹಾಕಿಕೊಟ್ಟರು. ದುರ್ಗಮ್ಮ ಈಗ ದಿನಾ ಅದಕ್ಕೊಂದು ಹೂವು ಸಿಕ್ಕಿಸಿಯೇ ಕೆಲಸಕ್ಕೆ ಹೋಗುತ್ತಾರೆ.

ಹಳೆಯ ಕಟ್ಟಡಗಳನ್ನು ಉಳಿಸಬೇಕೆಂದು ಮೂರ್ತಪ್ಪ ಯಾರ ಮುಂದೆಯೂ ವಾದಿಸುವುದಿಲ್ಲ. "ಕೆಡವಬೇಡಿ ಅನ್ನೋಕೆ ನಾನ್ಯಾರು? ಅವರವರ ಜಾಗ, ಅವರವರ ಕಷ್ಟ. ಹಿಂದಿನ ದಿನ ನಂಗೊಂದು ಮಾತು ಹೇಳಿದ್ರೆ ಸಾಕು. ಕ್ಯಾಮೆರಾದೋರನ್ನ ಕರ್ಕೊಂಡು ಬರ್ತೀನಿ. ಅಲ್ಲಿ ಕೆಲಸ ಮಾಡ್ತಿದ್ದೋರನ್ನೆಲ್ಲ ಬಾಗಿಲ ಮುಂದೆ ನಿಲ್ಲಿಸ್ತೀನಿ. ಒಂದು ಗಳಿಗೆ ಅಲ್ಲಾಡಬೇಡ್ರಪ್ಪಾ ಅಂತ ಕೇಳ್ಕೋತೀನಿ, ಅಷ್ಟೇ."