ಹತ್ತು ಕೂಸುಗಳ ಶೀಶೆ

ನನ್ನ ಎರಡನೆಯ ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಕಾಮಣಿ ಆಯಿತು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೆರಿಗೆಗೆಂದು ಬೆಳಗಾವಿಯ ಟಿಳಕವಾಡಿಯ ತವರಿಗೆ ಬಂದವಳು ಕಣ್ಣು, ಉಗುರು, ಅಂಗೈ ಎಲ್ಲ ಹಳದಿ ಮಾಡಿಕೊಂಡು ದವಾಖಾನೆ ಸೇರಿದೆ. ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಖಾನಾಪುರದಿಂದ ನೋಡಲು ಬಂದ ಅತ್ತೆ ಅರಿವೆ ಸರಿಸಿ ಅದರ ಮೈಯನ್ನೆಲ್ಲ ಪರೀಕ್ಷೆ ಮಾಡಿದರು.

"ಕೆಂಪಗ ಐತಲ್ಲಬೇ! ನಾ ಇದೂ ಹಳದಿ ಇರತೈತಿ ಅನಕೊಂಡಿದ್ದೆ," ಎಂದರು. ಸಂತೋಷವಾಯಿತೋ, ಬಸ್ಸಿನಲ್ಲಿ ಅಷ್ಟು ದೂರ ಬಂದದ್ದು ದಂಡವಾಯಿತೋ, ದನಿಯಿಂದ ತಿಳಿಯಲಿಲ್ಲ.

ಕೂಸು ಇಲಿಮರಿಯಷ್ಟಿತ್ತು. ಆದರೆ ಅಳುವುದನ್ನು ಮಾತ್ರ ಗಾತ್ರಕ್ಕೆ ಮೀರಿ ಅಳುತ್ತಿತ್ತು. ಅಷ್ಟಾದರೂ ಶಿವ ಕೊಟ್ಟನಲ್ಲ ಎಂದುಕೊಂಡೆ. ಮನೆಗೆ ಕಳಿಸುವ ದಿನ ಡಾಕ್ಟರಬಾಯಿ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೋಡ್ರಿ, ಬ್ಯಾರೆ ಮಕ್ಕಳು ಗೊಬ್ಬರ ಬಂದ್ರ ತಡಕೋಬಹುದು. ಇದಕ್ಕ ಬರಬಾರದು. ಒಂಬತ್ತು ತಿಂಗಳು ತುಂಬಿದ ಕೂಡಲೇ ಸೂಜಿ ಹಾಕಸ್ರಿ."

ಗೊಬ್ಬರ ಎಂದರೆ ದಡಾರ. ನಮ್ಮ ಕಡೆ ಹಾಗೇ ಹೇಳುವುದು.

"ಈಗ ಹಾಕಿಬಿಟ್ರ ಆಗೂದಿಲ್ಲೇನ್ರಿ?" ಎಂದೆ.

"ಅಲ್ಲಿತನಕ ತಾಯಿ ಕೊಟ್ಟ ಶಕ್ತಿ ಕೂಸಿನ ಮೈಯಾಗ ಇರತೈತಿ. ಅದು ಇರೂತನಕ ಸೂಜಿ ಹತ್ತೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಸುಮ್ಮನಿರಲಿಲ್ಲ. "ಈಕೀನ್ನ ಎಬ್ಬಿಸಿ ನಿಂದ್ರಸಾಕ ಇಬ್ಬರು ಬೇಕು. ಈಕಿ ಏನ ಶಕ್ತಿ ಕೊಟ್ಟಿರತಾಳ್ರಿ?"

ಡಾಕ್ಟರಬಾಯಿ ನಕ್ಕರು. ನನಗೆ ನಗು ಬರಲಿಲ್ಲ. ಆ ಮಾತು ನನ್ನ ಜೊತೆಗೇ ಬಸ್ಸು ಹತ್ತಿ ಖಾನಾಪುರಕ್ಕೆ ಬಂತು. ನಾನು ಕೊಟ್ಟದ್ದು ಒಂಬತ್ತು ತಿಂಗಳ ತನಕ ಬಾಳೀತೇ? ಮುಂದೆ ಸೂಜಿಯಾದರೂ ಇದಕ್ಕೆ ಹತ್ತೀತೇ?

ಒಂಬತ್ತು ತಿಂಗಳು ತುಂಬಿದ ವಾರವೇ ಕೂಸಿನ ಹಣೆಗೆ ವಿಭೂತಿ ಹಚ್ಚಿ ದವಾಖಾನೆಗೆ ಹೋದೆ. ಸೂಜಿಯ ಔಷಧ ಬೆಳಗಾವಿಯಿಂದ ಬರ್ಫದ ಪೆಟ್ಟಿಗೆಯಲ್ಲಿ ಬುಧವಾರಕ್ಕೊಮ್ಮೆ ಬರುತ್ತಿತ್ತು. ನರ್ಸಬಾಯಿ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿದರು.

"ಒಬ್ಬರ ಬಂದೀರೇನು? ಒಂದು ಶೀಶೆ ಒಡದ್ರ ಹತ್ತು ಕೂಸಿಗೆ ಹಾಕಬೇಕ್ರಿ. ಒಡದಿಂದ ಇಡಾಕ ಬರೂದಿಲ್ಲ, ಕೆಡತೈತಿ. ಒಂದು ಕೂಸಿನ ಸಲುವಾಗಿ ಒಂಬತ್ತು ಕೂಸಿಂದು ಚೆಲ್ಲಲೇನು? ಮುಂದಿನ ಬುಧವಾರ ಬರ್ರಿ."

ಮುಂದಿನ ಬುಧವಾರ ನಾವು ಮೂವರು ತಾಯಂದಿರು. ಶೀಶೆ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಅದೇ ಶುಕ್ರವಾರ ನಮ್ಮ ಓಣಿಯ ಮೂಲೆಮನೆಯ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಒಳಗೆ ಎರಡು ಮಕ್ಕಳಿಗೆ ಗೊಬ್ಬರ ಎದ್ದಿತ್ತು.

ಅಂದು ಪೂಜೆಗೆ ಕುಳಿತಾಗ ಒಂದೇ ವಿಚಾರ. ಕೂಸುಗಳು ತಾವಾಗಿ ಬಾರದಿದ್ದರೆ ನಾನೇ ಕರೆತರುವುದು. ಸೋಮವಾರ ಮಗಳನ್ನು ಟೊಂಕದ ಮೇಲೆ ಇಟ್ಟುಕೊಂಡು, ಹೆಪ್ಪಿಗೆ ಮೊಸರು ಕೇಳುವವರ ಹಾಗೆ ಮನೆಮನೆಗೆ ಹೊರಟೆ. "ನಿಮ್ಮಲ್ಲಿ ಒಂಬತ್ತು ತಿಂಗಳ ಕೂಸು ಐತೇನ್ರಿ?" ಕೇಳಿದ ಕೆಲವರು ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡರು.

ಮೊದಲ ಮನೆ, ಓಣಿಯವರೆಲ್ಲ ವಹಿನಿ ಎಂದು ಕರೆಯುವ ಮರಾಠಿ ಹೆಂಗಸಿನದು. ಅವರಿಗೆ ಅವಳಿ ಗಂಡುಮಕ್ಕಳು. ಒಂದೇ ಹೊಸ್ತಿಲಲ್ಲಿ ಎರಡು ಕೂಸು ಸಿಕ್ಕವಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ. ವಹಿನಿ ಎರಡೂ ಕೂಸುಗಳ ಮುಖ ನೋಡಿದರು.

"ಒಂದಕ್ಕ ಹಾಕಸ್ತೀನಿ. ಅದಕ್ಕ ಏನಾಗತದ ನೋಡಿ, ಆಮ್ಯಾಲೆ ಇನ್ನೊಂದಕ್ಕ."

"ಅಲ್ರಿ ವಹಿನಿ, ಹೊತ್ತಾಗ ಕೂಡೇ ಹೊತ್ರಿ, ಹಡದಾಗ ಕೂಡೇ ಹಡದ್ರಿ. ಈಗ ಸೂಜಿಗೆ ಯಾಕ ಪಾಳಿ ಹಚ್ಚತೀರಿ?"

"ಅಗಬಾಯಿ, ಅದೂ ಖರೇನ," ಎಂದು ಒಪ್ಪಿದರು.

ಬಾಜೂ ಮನೆಯ ಭಾಭಿಗೆ ಹೇಳುವುದೇ ಬೇಕಾಗಲಿಲ್ಲ. "ನಾ ಬರತೀನಿ ಅಕ್ಕಾ. ನಮ್ಮ ನಾದಿನಿ ಕೂಸೂ ತರತೀನಿ. ಆದ್ರ ಕೂಸಿಗಿಂತ ಮೊದಲ ಅದರವ್ವ ಅಳತಾಳ, ಆಕೀನ್ನ ಹಿಡ್ಯಾಕ ಒಬ್ಬರು ಬೇಕು."

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನನ್ನದೂ ಸೇರಿ ಏಳಾದವು. ಒಬ್ಬರಿಗೆ ಅಮಾಸಿ ಹತ್ತಿರ, ಒಬ್ಬರಿಗೆ ಗಂಡ ಊರಲ್ಲಿಲ್ಲ, ಇನ್ನೊಬ್ಬರ ಕೂಸು ಆಗತಾನೆ ಮಲಗಿತ್ತು. ನಾಳೆಯ ಸೂಜಿಗೂ ಈಗಿನ ನಿದ್ದೆಗೂ ಏನು ಸಂಬಂಧವೋ. ಕಾಲು ಸೋತು ಕಟ್ಟೆಯ ಮೇಲೆ ಕುಳಿತೆ. ಎರಡು ದಿನದಿಂದ "ದೇವಿ ಅವ್ವನ ಬ್ಯಾನಿಗೆ ಸೂಜಿ ಹಾಕಸ್ತಾರಂತ, ಶಿವಶಿವಾ" ಎಂದು ಗೊಣಗುತ್ತಿದ್ದ ಅತ್ತೆ ನನ್ನ ಮುಖ ನೋಡಿದರು. ಸೆರಗು ಹೊದ್ದು ಹೊರಬಿದ್ದರು. ದೀಪ ಹಚ್ಚುವ ಮೊದಲು ತಿರುಗಿ ಬಂದು ಮೂರು ಬೆರಳು ತೋರಿಸಿದರು.

"ಹೆಂಗ ಒಪ್ಪಿಸಿದ್ರಿ?"

"ನಿನ್ನಂಗ ಕೇಳಕೋಂತ ಹೋಗಲಿಲ್ಲ. ನಾಳೆ ಹತ್ತಕ್ಕ ತಯ್ಯಾರ ಇರ್ರಿ ಅಂದೆ."

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ನರ್ಸಬಾಯಿ ಹಿಂದಿನ ಬುಧವಾರವೇ ನನಗೆ ಹೇಳಿದ್ದರು: "ಎಂಟ್ಹತ್ತು ದಿನಕ್ಕ ಜ್ವರ ಬಂದು ನಾಕು ಕೆಂಪು ಗುಳ್ಳಿ ಏಳಬಹುದು. ಅಂಜಬ್ಯಾಡ್ರಿ, ಸೂಜಿ ಹತ್ತೇತಿ ಅಂತ ತಿಳಕೋರಿ." ನಾನು ಅದನ್ನು ಯಾರಿಗೂ ಹೇಳಲಿಲ್ಲ. ಸುಳ್ಳು ಆಡಲಿಲ್ಲ, ಆದರೆ ಖರೆಯನ್ನು ನುಂಗಿದೆ. ದೇವರ ಮುಂದೆ ಗಲ್ಲ ಬಡಿದುಕೊಂಡು, ಬುಧವಾರ ಆಗುವ ತನಕ ಮಾಫಿ ಮಾಡಪ್ಪಾ ಎಂದು ಕೇಳಿಕೊಂಡೆ.

ಬುಧವಾರ ಹತ್ತು ಕೂಸುಗಳ ಮೆರವಣಿಗೆ ದವಾಖಾನೆ ಮುಟ್ಟಿತು. ನರ್ಸಬಾಯಿ ಎರಡು ಸಲ ಎಣಿಸಿದರು. ಶೀಶೆ ಒಡೆದ ಸಪ್ಪಳ ನನಗೆ ತೆಂಗಿನಕಾಯಿ ಒಡೆದಷ್ಟು ಮಂಗಳವಾಗಿ ಕೇಳಿಸಿತು. ಭಾಭಿ ಹೇಳಿದಂತೆಯೇ ಅವರ ನಾದಿನಿ ಎಲ್ಲರಿಗಿಂತ ಮೊದಲು ಅತ್ತಳು. ಜ್ವರದ ವಿಷಯವನ್ನು ನರ್ಸಬಾಯಿ ಗಟ್ಟಿಯಾಗಿಯೇ ಹೇಳಿದರು. ಹತ್ತು ಕೂಸು ಒಮ್ಮೆಲೇ ಚೀರುವಾಗ ಯಾರಿಗೆ ಕೇಳಬೇಕು?

ಒಂಬತ್ತನೆಯ ದಿನ ಬೆಳಿಗ್ಗೆ ವಹಿನಿ ಎರಡು ಕಂಕುಳಲ್ಲಿ ಎರಡು ಕೂಸು ಇಟ್ಟುಕೊಂಡು ನಮ್ಮ ಕಟ್ಟೆ ಏರಿದರು. ಎರಡರ ಮುಖವೂ ಕೆಂಪು.

"ಒಂದರ ಬಿಡ್ರಿ ಅಂತ ಬಡಕೊಂಡೆ! ಈಗ ನೋಡ್ರಿ, ಮೈ ಹಂಚಿನಂಗ ಸುಡಾಕತ್ತದ!"

ಅವರ ಹಿಂದೆ ಭಾಭಿ, ಭಾಭಿಯ ಹಿಂದೆ ಅಳುತ್ತ ನಾದಿನಿ. ಹಿಂದಿನ ವಾರ ಮೂರು ಕೂಸು ತಂದ ಜಂಬದಲ್ಲಿದ್ದ ಅತ್ತೆ, ಸೂಜಿಗೂ ತಮಗೂ ಸಂಬಂಧವೇ ಇಲ್ಲದವರಂತೆ ಒಳಗೆ ಜೋಳ ಹಸನು ಮಾಡುತ್ತ ಕುಳಿತರು. ನಾನು ಎಲ್ಲ ಹೇಳಿಬಿಟ್ಟೆ.

"ಮೊದಲ ಯಾಕ ಹೇಳಲಿಲ್ಲ?" ಎಂದು ವಹಿನಿ ಗದರಿದರು.

"ಹೇಳಿದ್ರ ಬರತಿದ್ರೇನ್ರಿ?"

"ಬರತಿರಲಿಲ್ಲ," ಎಂದು ಭಾಭಿ ವಹಿನಿಯ ಪರವಾಗಿ ಹೇಳಿದರು. ಆಮೇಲೆ ಬಗ್ಗಿ ನನ್ನ ಮಗಳ ಹಣೆ ಮುಟ್ಟಿದರು. "ಇದರ ಮೈ ತಣ್ಣಗ ಐತಲ್ಲ ಅಕ್ಕಾ."

ಬೈಯಲು ಬಂದ ಮೂವರೂ ಒಬ್ಬರಾದ ಮೇಲೆ ಒಬ್ಬರು ಅದರ ಹಣೆ ಮುಟ್ಟಿದರು, ಅಂಗಿ ಎತ್ತಿ ಬೆನ್ನು ನೋಡಿದರು. ಒಂದು ಗುಳ್ಳೆ ಇಲ್ಲ. ಯಾರ ಸಲುವಾಗಿ ಇಷ್ಟೆಲ್ಲ ಮಾಡಿದೆನೋ ಅದಕ್ಕೇ ಸೂಜಿ ಹತ್ತಿಲ್ಲವೇ? ನನ್ನ ಕಾಮಣಿ ಇನ್ನೂ ಅದರ ಮೈಯಲ್ಲಿ ಏನಾದರೂ ಅಡ್ಡ ನಿಂತಿದೆಯೇ? ಕಣ್ಣೀರು ಬಂತು.

ವಹಿನಿಯ ಸಿಟ್ಟು ಇಳಿದುಹೋಯಿತು. "ಅಳಬ್ಯಾಡ್ರಿ. ಇವತ್ತ ಬರಲಿಲ್ಲಂದ್ರ ನಾಳೆ ಬರತದ ತಗೋರಿ ಜ್ವರ," ಎಂದು ಬೆನ್ನು ಸವರಿದರು.

ಮಗಳಿಗೆ ಜ್ವರ ಕೊಡು ಎಂದು ದೇವರಲ್ಲಿ ಬೇಡಿಕೊಂಡ ತಾಯಿ ಖಾನಾಪುರದಲ್ಲಿ ನಾನೊಬ್ಬಳೇ ಇರಬೇಕು. ಮೂರು ದಿನ ಬೇಡಿದೆ. ಅವನು ಕೊಡಲಿಲ್ಲ. ಅವಳಿಗಳು ಅಷ್ಟರಲ್ಲಿ ಚೇತರಿಸಿಕೊಂಡು ಅಂಬೆಗಾಲಲ್ಲಿ ಓಣಿ ಅಳೆಯುತ್ತಿದ್ದವು. ನರ್ಸಬಾಯಿಯ ಹತ್ತಿರ ಓಡಿದೆ.

"ಜ್ವರ ಎಲ್ಲಾರಿಗೂ ಬರೂದಿಲ್ರಿ. ಬರದಿದ್ರೂ ಹತ್ತಿರತೈತಿ."

"ಹತ್ತೇತೋ ಇಲ್ಲೋ ಹೆಂಗ ತಿಳೀಬೇಕ್ರಿ ಬಾಯಾರ?"

"ಗೊಬ್ಬರ ನಿಮ್ಮ ಮನಿಗೇ ಬಂದ್ರ ತಿಳೀತೈತಿ," ಎಂದು ಅವರು ಪೆಟ್ಟಿಗೆ ಮುಚ್ಚಿದರು.

ಅವರ ಬಾಯಿಗೆ ಸಕ್ಕರೆ ಹಾಕಲೋ ಬೇವು ಹಾಕಲೋ, ಸೂಜಿ ಹಾಕಿಸಿ ತಿಂಗಳಾಗುವಷ್ಟರಲ್ಲಿ ಬಂದೇಬಿಟ್ಟಿತು. ಆರು ವರ್ಷದ ದೊಡ್ಡ ಮಗಳು ಸಾಲೆಯಿಂದ ಬಂದವಳು ತಂಗಿಯ ಎರಡು ಗಲ್ಲಕ್ಕೂ ಮುತ್ತು ಕೊಟ್ಟು, ಅದರ ಬಾಜೂಕೆ ಒರಗಿ ಕೆಮ್ಮಿದಳು. ನಾಲ್ಕನೆಯ ದಿನಕ್ಕೆ ದೊಡ್ಡವಳ ಮೈತುಂಬ ಗೊಬ್ಬರ.

ಅತ್ತೆ ಬಾಗಿಲಿಗೆ ಬೇವು ಕಟ್ಟಿದರು, ಮನೆಗೆ ದೇವಿ ಬಂದಿದ್ದಾಳೆಂದು ಒಗ್ಗರಣೆ ಬಂದ್ ಮಾಡಿದರು. ನಮ್ಮ ಮನೆಯವರು ಸಪ್ಪನೆ ಸಾರಿಗೆ ಮುಖ ಕಿವುಚಿ, ಗಡ್ಡ ಬಿಟ್ಟುಕೊಂಡು ಆಫೀಸಿಗೆ ಹೋದರು. ಕೂಸನ್ನು ಅಡುಗೆಮನೆಗೆ ಒಯ್ದೆ. ಆದರೆ ಮುತ್ತು ಕೊಟ್ಟಾಗಿತ್ತು, ಕೆಮ್ಮಿಯೂ ಆಗಿತ್ತು. ದಿನವೂ ಪೂಜೆ ಮುಗಿದ ಮೇಲೆ ಅದನ್ನು ಬತ್ತಲೆ ಮಾಡಿ ಹಿತ್ತಲ ಬಿಸಿಲಿನಲ್ಲಿ ಹಿಡಿದು, ಅಕ್ಕಿಯಲ್ಲಿ ಹರಳು ಹುಡುಕಿದಂತೆ ಹುಡುಕುತ್ತಿದ್ದೆ. ಹನ್ನೊಂದನೆಯ ದಿನ ಗಲ್ಲದ ಮೇಲೆ ಕೆಂಪು ಕಂಡಿತು.

ಅತ್ತೆಯನ್ನು ಕೂಗಿದೆ. ಅತ್ತೆ ಚಷ್ಮಾ ಹಾಕಿಕೊಂಡು ಬಂದರು. ನೋಡಿದರು, ಒರೆಸಿ ಮತ್ತೆ ನೋಡಿದರು, ಗೋಡೆಯ ಆಚೆಗೆ ಭಾಭಿಯನ್ನು ಕೂಗಿದರು. ಭಾಭಿ ವಹಿನಿಯನ್ನೂ ಕರೆತಂದರು.

"ಗೊಬ್ಬರ ಮೊದಲ ಕಿವಿ ಹಿಂದ ಏಳತೈತಿ," ಎಂದರು ಅತ್ತೆ.

"ಕಿವಿ ಹಿಂದ ಏನಿಲ್ರಿ. ಮೊಣಕೈ ಮ್ಯಾಲೆ ಇನ್ನೊಂದು ಐತಿ," ಎಂದರು ಭಾಭಿ.

ವಹಿನಿ ಮೂಗು ತಾಗುವಷ್ಟು ಬಗ್ಗಿದರು. ನಾನು ಕಣ್ಣು ಮುಚ್ಚಿ ಇಷ್ಟಲಿಂಗ ಹಿಡಿದುಕೊಂಡೆ.

"ಅಯ್ಯ, ಗುಳ್ಳಿ ನಡುವ ನೋಡ್ರಿ, ಸೂಜಿ ಮೊನಿಯಷ್ಟು ತೂತು! ಗುಂಗಾಡ ಕಡದದ!"

ಗುಂಗಾಡ! ಬರೀ ಸೊಳ್ಳೆ! ಅತ್ತೆಯಂತೂ "ಪುಣ್ಯಾತ್ಮ ಗುಂಗಾಡ" ಎಂದು ಕೈಯೆತ್ತಿ ಮುಗಿದರು. ಕೂಸು ಮಾತ್ರ ನಾಲ್ವರು ಹೆಂಗಸರು ತನ್ನ ಮೇಲೆ ಬಗ್ಗಿದ್ದು ನೋಡಿ ಸಿಟ್ಟಿಗೆದ್ದು, ವಹಿನಿಯ ಮೂಗು ಹಿಡಿಯಿತು.

ಆಮೇಲೂ ಒಂದು ವಾರ ಬಿಸಿಲಿನಲ್ಲಿ ಹುಡುಕಿದೆ. ಏನೂ ಏಳಲಿಲ್ಲ. ದೊಡ್ಡವಳ ಗುಳ್ಳೆಗಳು ಕಂದಿ ಮಾಯವಾದವು. ಅವಳಿಗೆ ಬೇವಿನ ನೀರು ಹಾಕಿ, ಅಂದು ರಾತ್ರಿ ಇಬ್ಬರನ್ನೂ ಮೊದಲಿನಂತೆ ಒಂದೇ ಚಾದರದಲ್ಲಿ ಮಲಗಿಸಿದೆ. ಚಿಕ್ಕವಳು ಎರಡೂ ಕೈಯಿಂದ ಅಕ್ಕನ ಜಡೆ ಹಿಡಿದು ಜಗ್ಗಿದಳು.

"ಯವ್ವಾ, ಬಿಡಸಬೇ ಇದನ್ನ! ಭಾಳ ಶಕ್ತಿ ಐತಿ ಇದಕ್ಕ!" ಎಂದು ದೊಡ್ಡವಳು ಚೀರಿದಳು.

ನಾನು ಬಿಡಿಸಲು ಅವಸರ ಮಾಡಲಿಲ್ಲ.